ಓದುಗರ ಪ್ರಶ್ನೆ: ಏಪ್ರಿಲ್ 24, ಒಂದೇ ದಿನದ ಬಿಸಿಲಿನ ಲೆಕ್ಕ

ಹೋದ ಸಂಚಿಕೆಯ ಕೊನೇ ಪುಟದಲ್ಲಿ ನಾಲ್ಕೇ ಸಾಲು ಬರೆದಿದ್ದೆ. ಏಪ್ರಿಲ್ 24 ಅಥವಾ 25ಕ್ಕೆ ಬೆಂಗಳೂರಲ್ಲಿ ಮಧ್ಯಾಹ್ನ 12 ಗಂಟೆ 18 ನಿಮಿಷದ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ, ನೆಟ್ಟಗೆ ನಿಂತ ಕಂಬದ ನೆರಳು ಅದರ ಬುಡದಲ್ಲೇ ಅಡಗಿಬಿಡತ್ತೆ, ಇದನ್ನ ಶೂನ್ಯ ನೆರಳಿನ ದಿನ ಅಂತಾರೆ ಅಂತ. ಅಷ್ಟಕ್ಕೇ ಎಷ್ಟೊಂದು ಪತ್ರ, ಎಷ್ಟೊಂದು ವಾಟ್ಸಾಪ್ ಮೆಸೇಜ್ ಬಂದಿದೆ ಅಂದ್ರೆ ಈ ಸಲದ ಅಂಕಣ ಪೂರ್ತಿ ಆ ದಿನಕ್ಕೇ ಕೊಟ್ಟಿದೀನಿ. ಬೇಸಿಗೆಯ ಒಂದು ದಿನ, ಅದರ ಬೆಳಕು ಎಷ್ಟು ಹೊತ್ತು, ಅದರ ಬಿಸಿ ಎಷ್ಟು, ಅದನ್ನ ಯಾರು ಹೇಗೆ ಬರೆದಿಟ್ಟಿದಾರೆ, ಇಷ್ಟೇ ವಿಷಯ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಕೇಳಿಕೊಂಡಿದ್ರಿಂದ ಎಲ್ಲರದ್ದೂ ಊರು ಮಾತ್ರ ಹಾಕಿದೀನಿ.

ಪ್ರಶ್ನೆ: ನನ್ನ ಮಗಳು ಹುಟ್ಟಿದ್ದು 2016ರ ಏಪ್ರಿಲ್ 24, ಭಾನುವಾರ. ಆವತ್ತಿನ ಸೆಕೆ ನಾನು ಜನ್ಮದಲ್ಲಿ ಮರೆಯಲ್ಲ, ವಾರ್ಡಲ್ಲಿ ಫ್ಯಾನ್ ಗಾಳಿನೂ ಬಿಸಿಯಾಗೇ ಬೀಸ್ತಿತ್ತು. ನಮ್ಮತ್ತೆ ಈಗ್ಲೂ ಅವಳನ್ನ 'ಊರು ಕಾದ ಹೆಂಚಾಗಿದ್ದ ದಿನ ಹುಟ್ಟಿದ ಕೂಸು' ಅಂತಾನೇ ಕರೀತಾರೆ. ಆವತ್ತು ನಿಜವಾಗ್ಲೂ ಬೆಂಗಳೂರಿನ ಅತಿ ಬಿಸಿ ದಿನಾನಾ? ಸೂರ್ಯ ಹುಟ್ಟಿದ್ದು ಮುಳುಗಿದ್ದು, ಟೆಂಪರೇಚರು ಎಲ್ಲಾ ಬರೆಸಿ ಫ್ರೇಮ್ ಹಾಕಿಸಿ ಅವಳ ಹುಟ್ಟುಹಬ್ಬಕ್ಕೆ ಕೊಡಬೇಕು ಅಂತಿದೀನಿ. (ಬಸವನಗುಡಿ, ಬೆಂಗಳೂರು)

ಉತ್ತರ: ನಿಮ್ಮತ್ತೆ ಹೇಳೋದ್ರಲ್ಲಿ ತಪ್ಪೇನಿಲ್ಲ. ಬೆಂಗಳೂರು ನಗರದ ವೀಕ್ಷಣಾಲಯದಲ್ಲಿ, ಅಂದ್ರೆ ಅರಮನೆ ರಸ್ತೆಯ ಹವಾಮಾನ ಕೇಂದ್ರದಲ್ಲಿ, ಇವತ್ತಿನವರೆಗೂ ದಾಖಲಾಗಿರೋ ಅತಿ ಹೆಚ್ಚಿನ ಉಷ್ಣಾಂಶ 39.2 ಡಿಗ್ರಿ, ಅದು ಬಂದಿದ್ದು 2016ರ ಏಪ್ರಿಲ್‌ನ ಅದೇ ವಾರ. ಅದಕ್ಕೂ ಮುಂಚೆ 1931ರ ಮೇ 22ರ 38.9 ಡಿಗ್ರಿ ದಾಖಲೆಯಾಗಿ ಕೂತಿತ್ತು, 85 ವರ್ಷ ಅದನ್ನ ಯಾವ ಬೇಸಿಗೆಯೂ ಅಲ್ಲಾಡಿಸಿರ್ಲಿಲ್ಲ. ಆಮೇಲೆ 2024ರ ಏಪ್ರಿಲ್ 28ಕ್ಕೆ 38.5 ಆಯ್ತು, ಆ ತಿಂಗಳು ನಗರದ ಮಳೆಮಾಪಕಕ್ಕೆ ಲೆಕ್ಕಕ್ಕೆ ಬರೋ ಅಷ್ಟು ಮಳೆನೂ ಬೀಳ್ಲಿಲ್ಲ, ಆದ್ರೂ 39.2 ಮಾತ್ರ ಹಾಗೇ ಇದೆ.

ಫ್ರೇಮ್ ಹಾಕ್ಸೋಕೆ ಮುಂಚೆ ಒಂದು ವಿಷಯ ಗಮನಿಸಿ. ಆ 39.2ನ್ನ ಕೆಲವು ಪಟ್ಟಿಗಳು 24ರ ಎದುರು ಬರೀತವೆ, ಕೆಲವು 25ರ ಎದುರು. ಈ ತರ ಒಂದು ದಿನದ ಹೆಚ್ಚುಕಮ್ಮಿ ಹಳೇ ದಾಖಲೆಗಳಲ್ಲಿ ಬೇಕಾದಷ್ಟು ಸಿಗತ್ತೆ. ಸಾಮಾನ್ಯವಾಗಿ ಇದಕ್ಕೆ ಕಾರಣ ಬೆಳಿಗ್ಗೆ ಎಂಟೂವರೆ. ನಮ್ಮ ಹವಾಮಾನ ಇಲಾಖೆಯ ದಿನ ಶುರುವಾಗೋದು ಮಧ್ಯರಾತ್ರಿ ಹನ್ನೆರಡಕ್ಕಲ್ಲ, ಬೆಳಿಗ್ಗೆ 8:30ಕ್ಕೆ, ಅದು ಗ್ರೀನ್‌ವಿಚ್ ಲೆಕ್ಕದಲ್ಲಿ ಸರಿಯಾಗಿ 3 ಗಂಟೆ, ಎಲ್ಲಾ ದೇಶದವರೂ ಒಂದೇ ಕ್ಷಣದಲ್ಲಿ ನೋಡಿ ಬರೀಲಿ ಅಂತ ಮಾಡ್ಕೊಂಡಿರೋ ಒಪ್ಪಂದ. ಬೆಳಿಗ್ಗೆ ನೋಡಿದ ಆ ರೀಡಿಂಗಲ್ಲಿ ಹಿಂದಿನ ದಿನ ಮಧ್ಯಾಹ್ನದ ಸೆಕೆ ಇರತ್ತೆ, ಅದನ್ನ ನೋಡಿದ ದಿನಕ್ಕೆ ಹಾಕ್ತೀರೋ ಸೆಕೆ ಆದ ದಿನಕ್ಕೆ ಹಾಕ್ತೀರೋ ಅನ್ನೋದ್ರ ಮೇಲೆ ತಾರೀಖು ಒಂದು ದಿನ ಹಿಂದೆ ಮುಂದೆ ಆಗತ್ತೆ. ಪಕ್ಕಾ ಬೇಕು ಅಂದ್ರೆ ಪುಣೆಯಲ್ಲಿರೋ ಇಲಾಖೆಯ ರಾಷ್ಟ್ರೀಯ ದತ್ತಾಂಶ ಕೇಂದ್ರಕ್ಕೆ ಅರ್ಜಿ ಹಾಕಿ, ಸ್ಟೇಷನ್ ಹೆಸರು ಮತ್ತೆ ತಾರೀಖು ಕೊಟ್ಟು ಕೇಳಿದ್ರೆ ಅಧಿಕೃತ ದಾಖಲೆ ತಗೋಬಹುದು.

ಇನ್ನು ಬೆಳಕಿನದು ಸುಲಭ. ಆ ದಿನ ಬೆಂಗಳೂರಲ್ಲಿ ಸೂರ್ಯೋದಯ ಬೆಳಿಗ್ಗೆ ಸುಮಾರು 6:02, ಸೂರ್ಯಾಸ್ತ ಸಂಜೆ ಸುಮಾರು 6:33, ಹಗಲು 12 ಗಂಟೆ 31 ನಿಮಿಷ. ಇದು 2016ಕ್ಕೂ ಅಷ್ಟೇ, ಈ ವರ್ಷಕ್ಕೂ ಅಷ್ಟೇ, ನಿಮ್ಮ ಮಗಳ ಮೊಮ್ಮಕ್ಕಳ ಕಾಲಕ್ಕೂ ಒಂದೆರಡು ನಿಮಿಷ ಬಿಟ್ರೆ ಅಷ್ಟೇ. ನಂಗೆ ಈ ಅಂಕಣ ಬರೆಯುವಾಗೆಲ್ಲ ಮನಸ್ಸಿಗೆ ತಟ್ಟೋದು ಇದೇ. 1884ರ ಜನವರಿ 13ಕ್ಕೆ ಬೆಂಗಳೂರಲ್ಲಿ ಸೂರ್ಯ ಎಷ್ಟೊತ್ತಿಗೆ ಹುಟ್ಟಿದ ಅಂತ ನಾನು ಇವತ್ತು ಕೂತು ಲೆಕ್ಕ ಹಾಕಿ ಹೇಳ್ಬಹುದು, ಆದ್ರೆ ಆವತ್ತು 7.8 ಡಿಗ್ರಿ ಚಳಿ ಇತ್ತು, ಅದೇ ಊರಿನ ಇವತ್ತಿನವರೆಗಿನ ಅತಿ ಕಮ್ಮಿ, ಅಂತ ಗೊತ್ತಿರೋದು ಆ ಚಳೀಲಿ ಯಾರೋ ಒಬ್ರು ಎದ್ದು ಹೋಗಿ ಥರ್ಮಾಮೀಟರ್ ನೋಡಿ ಬರೆದಿಟ್ಟಿದ್ದಕ್ಕೆ ಮಾತ್ರ. ಅವರು ಆವತ್ತು ಹೋಗದೇ ಇದ್ದಿದ್ರೆ ಇವತ್ತು ಯಾವ ಲೆಕ್ಕದಿಂದ್ಲೂ ಅದು ವಾಪಸ್ ಸಿಗ್ತಿರ್ಲಿಲ್ಲ.

ಪ್ರಶ್ನೆ: ಸೂರ್ಯ ನೆತ್ತಿ ಮೇಲೆ ಇರೋದು 12:18ಕ್ಕೆ ಆದ್ರೆ ಸೆಕೆ ಜಾಸ್ತಿ ಆಗೋದು 3 ಗಂಟೆಗೆ ಯಾಕೆ? ವರ್ಷದ ಅತಿ ದೊಡ್ಡ ಹಗಲು ಜೂನ್ 21 ಅಂತ ಓದಿದೀನಿ, ಹಾಗಾದ್ರೆ ಜೂನಲ್ಲೇ ಅಲ್ವಾ ಹೆಚ್ಚು ಬಿಸಿ ಇರಬೇಕು? ಪಿಯುಸಿ ಓದ್ತಿದೀನಿ, ನಮ್ಮ ಕ್ಲಾಸಲ್ಲಿ ಇದಕ್ಕೆ ಜಗಳನೇ ಆಯ್ತು. (ಹಾಸನ)

ಉತ್ತರ: ಎರಡೂ ಒಳ್ಳೇ ಪ್ರಶ್ನೆ. ಮೊದಲನೇದಕ್ಕೆ ಅಡುಗೆಮನೆಗೆ ಹೋಗಿ. ದೋಸೆ ಹೆಂಚಿನ ಕೆಳಗೆ ಉರಿ ಪೂರ್ತಿ ಇಟ್ಟ ಕ್ಷಣಕ್ಕೇ ಹೆಂಚು ಅತಿ ಬಿಸಿಯಾಗಿರಲ್ಲ, ಉರಿ ಸ್ವಲ್ಪ ಕಮ್ಮಿ ಮಾಡಿದ ಮೇಲೂ ಇನ್ನೂ ಕೊಂಚ ಹೊತ್ತು ಕಾಯ್ತಾನೇ ಇರತ್ತೆ. ನೆಲದ ಕಥೆನೂ ಅದೇ. 12:18ಕ್ಕೆ ಬರೋ ಬಿಸಿಲು ಅತಿ ಹೆಚ್ಚು, ಆದ್ರೆ ಅದಾದ ಮೇಲೂ ಎರಡು ಮೂರು ಗಂಟೆ ಹೊತ್ತು ನೆಲಕ್ಕೆ ಬರೋ ಶಾಖ ನೆಲದಿಂದ ಹೋಗೋ ಶಾಖಕ್ಕಿಂತ ಜಾಸ್ತಿನೇ ಇರತ್ತೆ, ಗಾಳಿ ಬಿಸಿ ಆಗೋದು ಆ ನೆಲದಿಂದ. ಒಳಗೆ ಬರೋದು ಹೊರಗೆ ಹೋಗೋದು ಸಮ ಆಗೋ ಹೊತ್ತಿಗೆ ಎರಡೂವರೆ ಮೂರು ಗಂಟೆ ಆಗಿರತ್ತೆ. ಹಾಗೇ ಅತಿ ತಂಪು ಹೊತ್ತು ನಡುರಾತ್ರಿ ಅಲ್ಲ, ಸೂರ್ಯ ಹುಟ್ಟೋ ಆಸುಪಾಸು.

ಎರಡನೇದು. ಬೆಂಗಳೂರು ಹಾಸನದ ಕಡೆ ಜೂನ್ 21ರ ಹಗಲು ಸುಮಾರು 12 ಗಂಟೆ 53 ನಿಮಿಷ, ಸೂರ್ಯೋದಯ ಬೆಂಗಳೂರಲ್ಲಿ 5:54ರ ಹೊತ್ತಿಗೆ, ಅಸ್ತ 6:48ಕ್ಕೆ. ಏಪ್ರಿಲ್ 24ಕ್ಕಿಂತ ಬರೀ 22 ನಿಮಿಷ ಜಾಸ್ತಿ. ಡಿಸೆಂಬರ್ 21ಕ್ಕೆ 11 ಗಂಟೆ 22 ನಿಮಿಷ, ಅಂದ್ರೆ ಇಡೀ ವರ್ಷದಲ್ಲಿ ಹಗಲು ಹಿಗ್ಗೋದು ಕುಗ್ಗೋದು ಎಲ್ಲಾ ಸೇರಿ ಒಂದೂವರೆ ಗಂಟೆ ಅಷ್ಟೇ. ನಾವು ಭೂಮಧ್ಯರೇಖೆಗೆ ಹತ್ರ ಇರೋದ್ರಿಂದ ಹಗಲಿನ ಉದ್ದ ನಮ್ಮ ಬೇಸಿಗೇನ ತೀರ್ಮಾನ ಮಾಡಲ್ಲ, ಮೋಡ ಮಾಡತ್ತೆ. ಜೂನ್ ಒಂದರ ಹೊತ್ತಿಗೆ ಮುಂಗಾರು ಕೇರಳಕ್ಕೆ ಬರೋದು ವಾಡಿಕೆ, ಮುಂದಿನ ವಾರ ಹತ್ತು ದಿನದಲ್ಲಿ ನಮ್ಮನ್ನ ಮುಚ್ಚತ್ತೆ, ಬಿಸಿಲು ನೆಲಕ್ಕೇ ಬರಲ್ಲ, ಬಂದ ಶಾಖ ಒದ್ದೆ ನೆಲದ ನೀರು ಆವಿ ಮಾಡೋದಕ್ಕೇ ಖರ್ಚಾಗತ್ತೆ. ಬೆಂಗಳೂರಲ್ಲಿ ಏಪ್ರಿಲ್‌ನ ವಾಡಿಕೆ ಗರಿಷ್ಠ 34ರ ಆಸುಪಾಸು ಇದ್ರೆ ಜೂನಲ್ಲಿ 29-30ಕ್ಕೆ ಇಳಿಯೋದು ಇದಕ್ಕೇ. ಅದೇ ರಾಜಸ್ಥಾನ ನೋಡಿ, ಅಲ್ಲಿಗೆ ಮಳೆ ತಡವಾಗಿ ಹೋಗತ್ತೆ, ಅದಕ್ಕೆ ಅಲ್ಲಿ ಮೇ ಕೊನೆ, ಜೂನ್ ಕೂಡ ಬೇಯತ್ತೆ. ದೇಶದ ದಾಖಲೆ 51 ಡಿಗ್ರಿ ಬಂದಿದ್ದು ಫಲೋಡಿ ಅನ್ನೋ ಊರಲ್ಲಿ, 2016ರ ಮೇ 19ಕ್ಕೆ, ಬೆಂಗಳೂರಿನ ದಾಖಲೆ ಆದ ಅದೇ ಬೇಸಿಗೆ. ಆವಾಗ ಪೆಸಿಫಿಕ್ ಸಾಗರದಲ್ಲಿ ದೊಡ್ಡ ಎಲ್ ನಿನೋ, ಅಂದ್ರೆ ಅಲ್ಲಿಯ ಸಮುದ್ರದ ನೀರು ವಾಡಿಕೆಗಿಂತ ಬಿಸಿಯಾಗೋದು, ಮುಗೀತಾ ಇತ್ತು.

ಪ್ರಶ್ನೆ: ನಮ್ಮ ಕಡಿ ಬಿಸಿಲು ಭಾಳ ಅದ, ಅದು ನಿಮಗೂ ಗೊತ್ತದ. ಆದ್ರ ಆ ನೆರಳಿಲ್ಲದ ದಿನ ಅಂಬೋದು ಬರೀ ಬೆಂಗಳೂರಿಗಷ್ಟೇ ಏನ್ರಿ? ನಮ್ಮ ಸಾಲಿ ಹುಡುಗರಿಗೆ ತೋರಸ್ಬೇಕಂತ ಮಾಡೀನಿ, ಏನೂ ಖರ್ಚಿಲ್ಲದಂಗ ಮಾಡೋದಿದ್ರ ಹೇಳ್ರಿ. (ಕಲಬುರಗಿ)

ಉತ್ತರ: ಗುರುಗಳೇ, ಖರ್ಚು ಒಂದು ಕೋಲು, ಒಂದು ದಾರ, ಒಂದು ಕಲ್ಲು ಅಷ್ಟೇ. ಕರ್ಕಾಟಕ ಮತ್ತೆ ಮಕರ ವೃತ್ತದ ನಡುವೆ ಇರೋ ಪ್ರತಿ ಊರಿಗೂ ವರ್ಷಕ್ಕೆ ಎರಡು ಸಲ ಈ ದಿನ ಬರತ್ತೆ. ಸೂರ್ಯ ಉತ್ತರಕ್ಕೆ ಸರೀತಾ ಹೋಗೋ ವೇಗ ಏಪ್ರಿಲ್ ಕೊನೇಲಿ ದಿನಕ್ಕೆ ಸುಮಾರು 35 ಕಿಲೋಮೀಟರ್, ಹಾಗಾಗಿ ಇದು ಕರ್ನಾಟಕದ ಮೇಲೆ ತೇರು ಎಳೆದ ಹಾಗೆ ಊರಿಂದ ಊರಿಗೆ ಹೋಗತ್ತೆ. ಮೈಸೂರಿಗೆ ಏಪ್ರಿಲ್ 22ರ ಹೊತ್ತಿಗೆ, ಬೆಂಗಳೂರು ಮಂಗಳೂರು ಹಾಸನಕ್ಕೆ 24-25ಕ್ಕೆ, ಹುಬ್ಬಳ್ಳಿ ಹೊಸಪೇಟೆಗೆ ಮೇ 2ರ ಆಸುಪಾಸು, ನಿಮ್ಮ ಕಲಬುರಗಿಗೆ ಮೇ 9ರ ಹೊತ್ತಿಗೆ, ಬೀದರಿಗೆ ಇನ್ನೆರಡು ಮೂರು ದಿನ ಬಿಟ್ಟು. ವಾಪಸ್ ಬರುವಾಗ ಕಲಬುರಗಿಗೆ ಆಗಸ್ಟ್ ಮೊದಲ ವಾರ, ಬೆಂಗಳೂರಿಗೆ ಆಗಸ್ಟ್ 18, ಆದ್ರೆ ಆಗ ಮೋಡ ಇರೋದ್ರಿಂದ ಕಾಣೋ ಚಾನ್ಸ್ ಕಮ್ಮಿ.

ಆದ್ರೆ ನಿಮ್ಮ ಹುಡುಗರಿಗೆ ನಾನು ಏಪ್ರಿಲ್ 24ನೇ ಹೇಳ್ತೀನಿ, ಮೇ 9 ಅಲ್ಲ. ಯಾಕಂದ್ರೆ ಬೆಂಗಳೂರಲ್ಲಿ ನೆರಳೇ ಇಲ್ಲದ ಆ ಮಧ್ಯಾಹ್ನ ನಿಮ್ಮಲ್ಲಿ ನೆರಳು ಇರತ್ತೆ, ಆ ನೆರಳಲ್ಲಿ ಇಡೀ ಭೂಮಿ ಅಡಗಿದೆ. ಒಂದು ಮೀಟರ್ ಉದ್ದದ ಕೋಲನ್ನ ಸಪಾಟು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೆಟ್ಟಗಿದೆಯಾ ಅಂತ ನೋಡ್ಕೊಳ್ಳಿ. ನಿಮ್ಮೂರಿನ ನಡುಮಧ್ಯಾಹ್ನ ಸುಮಾರು 12:21, ಬೆಂಗಳೂರಿಗಿಂತ ಮೂರು ನಿಮಿಷ ತಡ. 12:10ರಿಂದ್ಲೇ ಎರಡೆರಡು ನಿಮಿಷಕ್ಕೆ ನೆರಳಿನ ತುದಿಗೆ ಸುಣ್ಣದಕಡ್ಡೀಲಿ ಗುರುತು ಹಾಕ್ಸಿ, ಅತಿ ಗಿಡ್ಡ ನೆರಳು ಉತ್ತರಕ್ಕೆ ಬಿದ್ದಿರತ್ತೆ, ಏಳೂವರೆ ಸೆಂಟಿಮೀಟರಿನ ಹತ್ರ ಬರಬೇಕು. ಅದರಿಂದ ಕೋನ ತೆಗೆದ್ರೆ ಸುಮಾರು 4.36 ಡಿಗ್ರಿ. ಈಗ ಮ್ಯಾಪಲ್ಲಿ ಬೆಂಗಳೂರಿಗೂ ಕಲಬುರಗಿಗೂ ನೇರ ದಕ್ಷಿಣ ಉತ್ತರ ಅಂತರ ನೋಡಿ, ರೈಲು ದಾರಿ ಅಲ್ಲ ರಸ್ತೆ ಅಲ್ಲ, ಅದು ಸುಮಾರು 484 ಕಿಲೋಮೀಟರ್. 4.36 ಡಿಗ್ರಿಗೆ ಇಷ್ಟಾದ್ರೆ 360 ಡಿಗ್ರಿಗೆ ಎಷ್ಟು? ಹುಡುಗರು ಗುಣಿಸಿ ಭಾಗಿಸಿದ್ರೆ 40 ಸಾವಿರ ಕಿಲೋಮೀಟರಿನ ಹತ್ರ ಬರತ್ತೆ, ಅದೇ ಭೂಮಿಯ ಸುತ್ತಳತೆ. ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಎರಟೋಸ್ಥನಿಸ್ ಅನ್ನೋ ವಿದ್ವಾಂಸ ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಮಾಡಿದ್ದೂ ಇದೇ ಲೆಕ್ಕ, ಅವನಿಗೆ ನೆರಳಿಲ್ಲದ ಊರು ಸೈಯೀನ್, ಈಗಿನ ಅಸ್ವಾನ್. ಹುಡುಗರಿಗೆ ಟೋಪಿ ಹಾಕ್ಸಿ, ಕುಡಿಯೋ ನೀರು ಇಟ್ಕೊಳ್ಳಿ, ಹದಿನೈದು ನಿಮಿಷಕ್ಕಿಂತ ಜಾಸ್ತಿ ನಿಲ್ಲಿಸ್ಬೇಡಿ, ಯಾರೂ ಬರಿಗಣ್ಣಲ್ಲಿ ಸೂರ್ಯನ್ನ ನೋಡಬಾರದು.

ಪ್ರಶ್ನೆ: ಕಾರಿನ ಡಿಸ್‌ಪ್ಲೇ 43 ತೋರ್ಸತ್ತೆ, ಮೊಬೈಲ್ ಆ್ಯಪ್ 39 ಅನ್ನತ್ತೆ, ಟೀವಿ ನ್ಯೂಸಲ್ಲಿ 36 ಅಂತಾರೆ. ಸರ್ಕಾರದವರು ಕಮ್ಮಿ ಮಾಡಿ ಹೇಳ್ತಾರೆ ಅಂತ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಎಲ್ರೂ ಬರೀತಿದಾರೆ. ಯಾವ್ದನ್ನ ನಂಬೋದು? (ವೈಟ್‌ಫೀಲ್ಡ್, ಬೆಂಗಳೂರು)

ಉತ್ತರ: ಮೂರೂ ಬೇರೆ ಬೇರೆ ವಸ್ತುವಿನ ಬಿಸಿ ಹೇಳ್ತಿವೆ. ಕಾರಿನ ಸೆನ್ಸರ್ ಇರೋದು ಬಂಪರ್ ಹತ್ರ, ಕಾದ ಟಾರು ರಸ್ತೆಯಿಂದ ಗೇಣುದ್ದ ಮೇಲೆ, ಇಂಜಿನ್ ಪಕ್ಕ, ಅದು ಹೇಳೋದು ಆ ಜಾಗದ ಕಥೆ ಮಾತ್ರ. ಮೊಬೈಲ್ ಆ್ಯಪ್ಪಿನದು ಸಾಮಾನ್ಯವಾಗಿ ಕಂಪ್ಯೂಟರ್ ಮಾದರಿಯ ಅಂದಾಜು, ಕೆಲವು ಸಲ ತೇವ ಸೇರಿಸಿ 'ಹೀಗನ್ನಿಸತ್ತೆ' ಅನ್ನೋ ಅಂಕಿನ ಮುಂದೆ ಹಾಕಿರ್ತಾರೆ. ಟೀವೀಲಿ ಬರೋದು ಸ್ಟೀವನ್‌ಸನ್ ಪೆಟ್ಟಿಗೆ ಒಳಗಿನ ಉಷ್ಣಾಂಶ.

ಆ ಪೆಟ್ಟಿಗೆ ಬಗ್ಗೆ ಹೇಳ್ಲೇಬೇಕು, ಯಾಕಂದ್ರೆ ನೂರು ವರ್ಷದ ಹಿಂದಿನ ಬಿಸಿಲನ್ನೂ ಇವತ್ತಿನ ಬಿಸಿಲನ್ನೂ ಪಕ್ಕಪಕ್ಕ ಇಟ್ಟು ನೋಡೋಕೆ ಆಗ್ತಿರೋದು ಅದರಿಂದ್ಲೇ. ಬಿಳಿ ಬಣ್ಣದ ಮರದ ಪೆಟ್ಟಿಗೆ, ನಾಲ್ಕೂ ಕಡೆ ಕಿಟಕಿ ಪಟ್ಟಿ ತರ ಓರೆ ಹಲಗೆಗಳು, ಗಾಳಿ ಆಡತ್ತೆ ಆದ್ರೆ ಬಿಸಿಲು ಒಳಗೆ ಬೀಳಲ್ಲ, ಹುಲ್ಲು ನೆಲದ ಮೇಲೆ ಕಾಲುಗಳ ಮೇಲೆ ನಿಂತಿರತ್ತೆ, ಒಳಗಿನ ಥರ್ಮಾಮೀಟರ್ ಹೆಚ್ಚುಕಮ್ಮಿ ನಮ್ಮ ಎದೆ ಎತ್ತರಕ್ಕೆ. ಇದನ್ನ ಮಾಡಿದ್ದು ಸ್ಕಾಟ್ಲೆಂಡಿನ ಥಾಮಸ್ ಸ್ಟೀವನ್‌ಸನ್, ಲೈಟ್‌ಹೌಸ್ ಕಟ್ತಿದ್ದ ಇಂಜಿನಿಯರ್. ಒಳಗೆ ಗರಿಷ್ಠಕ್ಕೆ ಒಂದು ಪಾದರಸದ ಥರ್ಮಾಮೀಟರ್ ಇರತ್ತೆ, ಅದರ ಕುತ್ತಿಗೆ ಹತ್ರ ಕೊಳವೆ ಸಣ್ಣ ಮಾಡಿರ್ತಾರೆ, ಪಾದರಸ ಏರತ್ತೆ ಆದ್ರೆ ತಾನಾಗೇ ಇಳಿಯಲ್ಲ, ಜ್ವರ ನೋಡೋ ಹಳೇ ಥರ್ಮಾಮೀಟರ್ ತರಾನೇ, ನೋಡಿ ಬರೆದಾದ್ಮೇಲೆ ಕೊಡವಿ ಇಳಿಸ್ಬೇಕು. ಕನಿಷ್ಠಕ್ಕೆ ಆಲ್ಕೋಹಾಲಿನದು ಬೇರೆ. ಈಗ ಎಷ್ಟೋ ಕಡೆ ಎಲೆಕ್ಟ್ರಾನಿಕ್ ಬಂದಿದೆ, ಆದ್ರೆ ನಿಯಮ ಅದೇ, ನೆರಳಲ್ಲಿರೋ ಗಾಳಿಯ ಬಿಸಿನ ಅಳೀಬೇಕು. ನೀವು ಬಿಸಿಲಲ್ಲಿ ನಿಂತಾಗ ಮೈಗೆ ತಾಗೋದು ಇದಕ್ಕಿಂತ ಜಾಸ್ತಿನೇ, ಅದು ಯಾರೂ ಮುಚ್ಚಿಟ್ಟಿದ್ದಲ್ಲ, ಬಿಸಿಲಲ್ಲಿ ಇಟ್ಟ ಥರ್ಮಾಮೀಟರ್ ತನ್ನ ಗಾಜು ಎಷ್ಟು ಕಾದಿದೆ ಅಂತಾನೇ ಹೇಳತ್ತೆ ಹೊರತು ಗಾಳಿಯದ್ದಲ್ಲ.

ಇಲಾಖೆಯವರು ಹೆಚ್ಚು ಬಂದ ಅಂಕಿನ ಮುಚ್ಚಿಡಲ್ಲ, ಪರೀಕ್ಷೆ ಮಾಡ್ತಾರೆ. 2024ರ ಮೇ 29ಕ್ಕೆ ದೆಹಲಿಯ ಮುಂಗೇಶ್‌ಪುರದಲ್ಲಿ ತಾನಾಗೇ ಅಳೆಯೋ ಸ್ಟೇಷನ್ 52.9 ಡಿಗ್ರಿ ಅಂತ ತೋರಿಸ್ತು, ದೇಶದಾದ್ಯಂತ ಸುದ್ದಿ ಆಯ್ತು, ಆಮೇಲೆ ಹೋಗಿ ಸರಿಯಾದ ಉಪಕರಣದ ಜೊತೆ ಹೋಲಿಸಿ ನೋಡಿದ್ರೆ ಆ ಸೆನ್ಸರ್ 3 ಡಿಗ್ರಿ ಜಾಸ್ತಿ ಹೇಳ್ತಿತ್ತು. ಇನ್ನೂ ದೊಡ್ಡ ಉದಾಹರಣೆ ಲಿಬಿಯಾದ್ದು. ಅಲ್ ಅಜೀಜಿಯಾ ಅನ್ನೋ ಜಾಗದಲ್ಲಿ 1922ರ ಸೆಪ್ಟೆಂಬರ್ 13ಕ್ಕೆ 58 ಡಿಗ್ರಿ ಅಂತ ಬರೆದಿದ್ರು, 90 ವರ್ಷ ಅದೇ ಪ್ರಪಂಚದ ದಾಖಲೆ ಅಂತ ನಮ್ಮ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲೂ ಇತ್ತು, ನಾನೂ ಅದನ್ನೇ ಬಾಯಿಪಾಠ ಮಾಡಿದ್ದೆ. 2012ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಅದನ್ನ ರದ್ದು ಮಾಡ್ತು. ಹೊಸಬ ಒಬ್ಬ ವೀಕ್ಷಕ ಥರ್ಮಾಮೀಟರಿನೊಳಗಿನ ಸೂಚಕದ ಒಂದು ತುದಿ ಓದೋ ಬದಲು ಇನ್ನೊಂದು ತುದಿ ಓದಿ ಬರೆದಿರಬೇಕು, ಅದರಿಂದ ಸುಮಾರು 7 ಡಿಗ್ರಿ ಹೆಚ್ಚಾಗಿದೆ ಅನ್ನೋ ತೀರ್ಮಾನಕ್ಕೆ ಬಂದ್ರು. ಈಗ ದಾಖಲೆ ಅಮೆರಿಕದ ಡೆತ್ ವ್ಯಾಲಿಯ 56.7, 1913ರ ಜುಲೈ 10ರದು.

ಪ್ರಶ್ನೆ: ಮನೆ ಪಂಚಾಂಗದಲ್ಲಿರೋ ಸೂರ್ಯೋದಯಕ್ಕೂ ಮೊಬೈಲಲ್ಲಿ ಬರೋದಕ್ಕೂ ಕೆಲವು ನಿಮಿಷ ವ್ಯತ್ಯಾಸ ಇದೆ, ಸಂಧ್ಯಾವಂದನೆಗೆ ಯಾವ್ದು ಹಿಡಿಯೋದು? (ಉಡುಪಿ)

ಉತ್ತರ: ಆಚರಣೆಗೆ ನಿಮ್ಮ ಮನೆ ಪದ್ಧತಿ ಹೇಗಿದೆಯೋ ಹಾಗೆ ಮಾಡಿ, ಅದರಲ್ಲಿ ನಾನು ಮಾತಾಡೋದಿಲ್ಲ. ವ್ಯತ್ಯಾಸ ಮಾತ್ರ ಹೇಳ್ತೀನಿ. ಮೊಬೈಲಿನ ಲೆಕ್ಕದಲ್ಲಿ ಸೂರ್ಯನ ಮೇಲಿನ ಅಂಚು ಕಂಡ ಕ್ಷಣವೇ ಉದಯ, ಅದ್ರಲ್ಲೂ ಗಾಳಿ ಬೆಳಕನ್ನ ಬಗ್ಗಿಸೋದ್ರಿಂದ ಸೂರ್ಯ ಇನ್ನೂ ಕೆಳಗಿರುವಾಗ್ಲೇ ನಮ್ಮ ಕಣ್ಣಿಗೆ ಕಾಣ್ತಾನೆ. ಕೆಲವು ಪಂಚಾಂಗಗಳು ಬಿಂಬದ ನಡುಭಾಗ ತಗೊಂಡು ಈ ಬಗ್ಗೋದನ್ನ ಬಿಟ್ಟು ಲೆಕ್ಕ ಮಾಡ್ತವೆ, ಮೂರ್ನಾಲ್ಕು ನಿಮಿಷ ಅಲ್ಲೇ ಹೋಯ್ತು. ಜೊತೆಗೆ ಪಂಚಾಂಗ ಯಾವ ಊರಿಗೆ ಗಣಿಸಿದ್ದು ಅಂತ ಮುಖಪುಟದಲ್ಲಿ ನೋಡಿ, ಬೆಂಗಳೂರಿಗೆ ಗಣಿಸಿದ್ದಾದ್ರೆ ನಿಮ್ಮ ಕರಾವಳಿಗೆ 11 ನಿಮಿಷ ತಡ ಮಾಡ್ಕೋಬೇಕು, ಒಂದು ರೇಖಾಂಶಕ್ಕೆ 4 ನಿಮಿಷದ ಲೆಕ್ಕ.

ಪ್ರಶ್ನೆ: ಕೃಷಿ ಡಿಪ್ಲೊಮಾ ವಿದ್ಯಾರ್ಥಿ ನಾನು. ನೀವು ಹಗಲು ಹನ್ನೆರಡೂವರೆ ಗಂಟೆ ಅಂತೀರಿ, ನಮ್ಮ ಪ್ರಾಕ್ಟಿಕಲ್ ಬುಕ್ಕಿನ್ಯಾಗ ಬಿಸಿಲಿನ ಅವಧಿ 9 ತಾಸು ಅಂತ ಬರದಿರ್ತಾರ, ಯಾವ್ದು ಖರೆ? (ಧಾರವಾಡ)

ಉತ್ತರ: ಎರಡೂ ಖರೆ. ಹಗಲಿನ ಉದ್ದ ಅನ್ನೋದು ಆಕಾಶದ ಲೆಕ್ಕ. ಬಿಸಿಲಿನ ತಾಸು ಅನ್ನೋದು ಮೋಡ ಇಲ್ಲದೇ ಬಿಸಿಲು ನಿಜವಾಗ್ಲೂ ನೆಲಕ್ಕೆ ಬಿದ್ದ ಹೊತ್ತು. ನಿಮ್ಮ ಹೊಲದ ವೀಕ್ಷಣಾಲಯದಲ್ಲಿ ಒಂದು ಗಾಜಿನ ಗುಂಡು ಇದ್ರೆ ಹೋಗಿ ನೋಡಿ, ನಂಗೆ ಹವಾಮಾನದ ಉಪಕರಣಗಳಲ್ಲೆಲ್ಲ ಅತಿ ಪ್ರೀತಿಯದು ಅದು. ಕ್ಯಾಂಬೆಲ್ ಸ್ಟೋಕ್ಸ್ ರೆಕಾರ್ಡರ್ ಅಂತ ಹೆಸರು, 19ನೇ ಶತಮಾನದ್ದು, ಒಳಗೆ ಕರೆಂಟ್ ಇಲ್ಲ, ಗಡಿಯಾರ ಇಲ್ಲ. ಗುಂಡು ಬಿಸಿಲನ್ನ ಒಂದು ಚುಕ್ಕೆಗೆ ಸೇರಿಸಿ ಹಿಂದಿಟ್ಟ ಕಾರ್ಡನ್ನ ಸುಡತ್ತೆ, ಸೂರ್ಯ ಸರಿದ ಹಾಗೆ ಆ ಸುಟ್ಟ ಗೆರೆನೂ ಸರಿಯತ್ತೆ, ಮೋಡ ಬಂದ್ರೆ ಗೆರೆ ತುಂಡಾಗತ್ತೆ. ಸಂಜೆ ಕಾರ್ಡ್ ತೆಗೆದು ಸುಟ್ಟ ಉದ್ದ ಅಳೆದ್ರೆ ಆ ದಿನದ ಬಿಸಿಲಿನ ತಾಸು ಸಿಕ್ತು. ಬೆಳಿಗ್ಗೆ ಸಂಜೆಯ ಎಳೇ ಬಿಸಿಲಿಗೆ ಕಾರ್ಡ್ ಸುಡೋ ಶಕ್ತಿ ಇರಲ್ಲ, ಅದಕ್ಕೆ ಮೋಡವೇ ಇಲ್ಲದ ದಿನವೂ ಅದು ಹಗಲಿನಷ್ಟು ಉದ್ದ ಬರಲ್ಲ.

ಪ್ರಶ್ನೆ: ಮಂಗಳೂರಲ್ಲಿ 34 ಡಿಗ್ರಿಗೇ ಜೀವ ಹೋಗತ್ತೆ, ಕಲಬುರಗಿಯಲ್ಲಿ 41ರಲ್ಲೂ ಜನ ಓಡಾಡ್ತಾರೆ, ಯಾಕೆ ಹೀಗೆ? (ಮಂಗಳೂರು)

ಉತ್ತರ: ಬೆವರು ಆರಿದ್ರೆ ಮೈ ತಣಿಯತ್ತೆ, ನಿಮ್ಮಲ್ಲಿ ಸಮುದ್ರದ ತೇವದಿಂದ ಬೆವರು ಆರೋದೇ ಇಲ್ಲ. ಹಾಗಂತ ಒಣ ಸೆಕೆ ಸುಲಭ ಅಂತಲ್ಲ, ಅಲ್ಲಿ ಬಾಯಾರಿಕೆ ಗೊತ್ತಾಗೋಕೆ ಮುಂಚೆನೇ ನೀರು ಖಾಲಿ ಆಗಿರತ್ತೆ. ಬಿಸಿಗಾಳಿ ಅಂತ ಘೋಷಿಸೋಕೆ ಬಯಲು ಸೀಮೆಗೆ ಕನಿಷ್ಠ 40 ಡಿಗ್ರಿ ಆಗಿರಬೇಕು, ಕರಾವಳಿಗೆ 37 ಸಾಕು, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಜಾಸ್ತಿನೂ ಇರಬೇಕು. ನಿಮ್ಮ ಕಷ್ಟ ಆ ನಿಯಮದಲ್ಲೇ ಇದೆ.

ಪ್ರಶ್ನೆ: ಲಂಡನ್ನಿಗೆ ಬಂದು ಆರು ವರ್ಷ ಆಯ್ತು, ರಾಯಚೂರಿನವನು ನಾನು. 2022ರ ಜುಲೈ 19ಕ್ಕೆ ಇಲ್ಲಿ 40 ಡಿಗ್ರಿ ಆದಾಗ ರಾಯಚೂರಲ್ಲೂ ಇಷ್ಟು ಒದ್ದಾಡಿಲ್ಲ ಅಂತ ಅಮ್ಮನಿಗೆ ಫೋನ್ ಮಾಡಿದ್ದೆ, ಅವರು ನಂಬ್ಲೇ ಇಲ್ಲ. ಅವರು ನಿಮ್ಮ ಪತ್ರಿಕೆ ಓದ್ತಾರೆ, ದಯವಿಟ್ಟು ನೀವೇ ಹೇಳಿ. (ಲಂಡನ್)

ಉತ್ತರ: ಅಮ್ಮಾ, ನಿಮ್ಮ ಮಗ ಹೇಳಿದ್ದು ನಿಜ. ಆ ದಿನ ಇಂಗ್ಲೆಂಡಿನ ಲಿಂಕನ್‌ಶೈರ್‌ನ ಕೋನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಯ್ತು, ಆ ದೇಶದಲ್ಲಿ ಮೊದಲ ಸಲ 40 ದಾಟಿದ್ದು. ಹಿಂದಿನ ದಾಖಲೆ 2019ರ ಜುಲೈನಲ್ಲಿ ಕೇಂಬ್ರಿಡ್ಜಿನ 38.7, ಒಂದೇ ಏಟಿಗೆ ಒಂದೂವರೆ ಡಿಗ್ರಿ ಮೇಲೆ ಹೋಯ್ತು. ಅಲ್ಲಿಯ ಮಧ್ಯ ಇಂಗ್ಲೆಂಡಿನ ಉಷ್ಣಾಂಶದ ಲೆಕ್ಕ 1659ರಿಂದ ಇದೆ, ನಮ್ಮಲ್ಲಿ ಶಿವಾಜಿ ಕಾಲದಿಂದ ಅಂದ್ಕೊಳ್ಳಿ, ಅಷ್ಟು ಹಳೇ ಲೆಕ್ಕ ಇರೋ ದೇಶಕ್ಕೇ ಆ ದಿನ ಹೊಸದು.

ಲಂಡನ್ನಲ್ಲಿ ಆವತ್ತು ಸೂರ್ಯ ಹುಟ್ಟಿದ್ದು ಬೆಳಿಗ್ಗೆ 5:06ರ ಹೊತ್ತಿಗೆ, ಮುಳುಗಿದ್ದು ರಾತ್ರಿ 9:07ಕ್ಕೆ, ಹಗಲು 16 ಗಂಟೆ. ಅದೇ ದಿನ ಬೆಂಗಳೂರಿನ ಹಗಲು ಹನ್ನೆರಡೂ ಮುಕ್ಕಾಲು ಗಂಟೆ. ಅಲ್ಲಿ ಸೂರ್ಯ ಯಾವತ್ತೂ ನೆತ್ತಿ ಮೇಲೆ ಬರಲ್ಲ, ಆವತ್ತೂ ಮಧ್ಯಾಹ್ನ ಸುಮಾರು 59 ಡಿಗ್ರಿ ಎತ್ತರಕ್ಕೇ ನಿಂತ, ಆದ್ರೆ ಬಿಡದೇ 16 ಗಂಟೆ ಕಾಯಿಸ್ದ, ಅದರ ಮೇಲೆ ದಕ್ಷಿಣದಿಂದ ಸ್ಪೇನ್ ಫ್ರಾನ್ಸ್ ಕಡೆಯ ಬಿಸಿ ಗಾಳಿ ಬೇರೆ ಬಂತು. ರಾತ್ರಿ ಇರೋದೇ ಎಂಟು ಗಂಟೆ, ಮನೆ ತಣಿಯೋಕೆ ಹೊತ್ತೇ ಸಿಗಲ್ಲ. ಅಲ್ಲಿಯ ಮನೆಗಳನ್ನ ಕಟ್ಟಿರೋದೇ ಶಾಖ ಒಳಗೆ ಹಿಡಿದಿಡೋಕೆ, ಫ್ಯಾನ್ ಇರಲ್ಲ, ನಮ್ಮ ಹಾಗೆ ರಾತ್ರಿ ಮಾಳಿಗೆ ಮೇಲೆ ಚಾಪೆ ಹಾಸೋ ಹಾಗಿಲ್ಲ. ಅವರು ಒದ್ದಾಡಿರ್ತಾರೆ ಅಮ್ಮಾ.

ಪ್ರಶ್ನೆ: ನಮ್ಮ ತಂದೆ ಹುಟ್ಟಿದ್ದು 1952ರ ಮೇ ತಿಂಗಳು, ಆಗುಂಬೆ ಹತ್ತಿರದ ಒಂದು ಹಳ್ಳೀಲಿ. ಒಂದು ವೆಬ್‌ಸೈಟ್ ಆ ದಿನದ ಟೆಂಪರೇಚರ್ ದಶಮಾಂಶದ ಸಮೇತ ಕೊಡ್ತಿದೆ. ಆಗ ನಮ್ಮೂರಿಗೆ ಬಸ್ಸೇ ಇರ್ಲಿಲ್ಲ, ಥರ್ಮಾಮೀಟರ್ ಎಲ್ಲಿಂದ ಬಂತು? (ತೀರ್ಥಹಳ್ಳಿ)

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ, ಥರ್ಮಾಮೀಟರ್ ಇರ್ಲಿಲ್ಲ. ಈ ತರದ ಸೈಟುಗಳು ಹೆಚ್ಚಾಗಿ ತಗೊಳ್ಳೋದು ಮರುವಿಶ್ಲೇಷಣೆ ಅನ್ನೋ ದತ್ತಾಂಶ. ಯುರೋಪಿನ ಹವಾಮಾನ ಕೇಂದ್ರದ ಇಆರ್‌ಎ 5 ಅದರಲ್ಲಿ ಹೆಸರುವಾಸಿ, 1940ರಿಂದ ಇವತ್ತಿನವರೆಗೆ ಪ್ರತಿ ಗಂಟೆಯದ್ದೂ ಇದೆ. ಅವರು ಮಾಡೋದು ಏನಂದ್ರೆ ಆ ಕಾಲದಲ್ಲಿ ಪ್ರಪಂಚದಲ್ಲಿ ಎಲ್ಲೆಲ್ಲಿ ಅಳೆದಿದ್ರೋ, ಸ್ಟೇಷನ್, ಹಡಗು, ಬಲೂನು, ಆಮೇಲಿನ ಕಾಲಕ್ಕೆ ಉಪಗ್ರಹ, ಎಲ್ಲಾ ಸೇರಿಸಿ ಭೌತಶಾಸ್ತ್ರದ ನಿಯಮಗಳಿರೋ ಮಾದರೀಲಿ ಹಾಕಿ ನಡುವಿನ ಖಾಲಿ ಜಾಗ ತುಂಬ್ತಾರೆ. ಅದು ಬಹಳ ದೊಡ್ಡ ಕೆಲಸ, ನಂಗೆ ಅದರ ಬಗ್ಗೆ ಗೌರವ ಇದೆ, ಸುಳ್ಳು ಅನ್ನಬೇಡಿ. ಆದ್ರೆ ಅದರ ಒಂದೊಂದು ಚೌಕ ಹೆಚ್ಚುಕಮ್ಮಿ 30 ಕಿಲೋಮೀಟರ್ ಅಗಲ. ಆಗುಂಬೆ ಘಾಟಿ ಮೇಲೆ ನಿಂತ್ರೆ ಒಂದು ಕಡೆ ಮಲೆನಾಡು, ಕೆಳಗೆ ಸೋಮೇಶ್ವರದ ಕಡೆ ಇಳಿದ್ರೆ ಕರಾವಳಿ, ಎರಡರ ಹವೆ ಎಷ್ಟು ಬೇರೆ ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ, ಚೌಕಕ್ಕೆ ಎರಡೂ ಒಂದೇ. ಹಾಗಾಗಿ ಆ ದಶಮಾಂಶನ ಬಿಟ್ಟುಬಿಡಿ, 'ಆ ಸೀಮೇಲಿ ಆವತ್ತು ಸುಮಾರು ಇಷ್ಟು ಬಿಸಿ ಇದ್ದಿರಬಹುದು' ಅಂತ ಮಾತ್ರ ಓದ್ಕೊಳ್ಳಿ. ಸೂರ್ಯೋದಯ ಸೂರ್ಯಾಸ್ತದ ಹೊತ್ತು ಮಾತ್ರ ನಂಬಬಹುದು, ಅದು ಅಳತೆ ಅಲ್ಲ, ಲೆಕ್ಕ. ಅದೂ ಬಯಲಿನ ಲೆಕ್ಕ, ನಿಮ್ಮ ಗುಡ್ಡದ ಹಿಂದಿಂದ ಸೂರ್ಯ ಏಳೋದು ಇನ್ನೂ ತಡ ಅಲ್ವಾ.

ಪ್ರಶ್ನೆ: ನಮ್ಮ ತಾತ ಪಂಚಾಂಗದ ಅಂಚಲ್ಲಿ ಪೆನ್ಸಿಲ್‌ನಿಂದ 'ಅಶ್ವಿನಿ ಹದ', 'ಭರಣಿ ಹುಸಿ' ಅಂತ ವರ್ಷ ವರ್ಷ ಬರೆದಿಟ್ಟವ್ರೆ, ಇಪ್ಪತ್ತು ಪಂಚಾಂಗ ಸಿಕ್ಕವೆ. ಇವಕ್ಕೆ ಈಗ ಬೆಲೆ ಐತಾ? ನಾನೂ ಮುಂದುವರ್ಸೋಣ ಅಂತ ಅವ್ನಿ, ಹೆಂಗೆ ಬರೀಬೇಕು? (ಹಿರಿಯೂರು)

ಉತ್ತರ: ದಯವಿಟ್ಟು ಆ ಪಂಚಾಂಗಗಳನ್ನ ಹಳೇ ಪೇಪರಿನವರಿಗೆ ಹಾಕ್ಬೇಡಿ. ಮೊದಲು ಪ್ರತಿ ಪುಟದ ಫೋಟೋ ತೆಗೆದಿಡಿ, ಪೆನ್ಸಿಲ್ ಬರಹ ಮಸುಕಾಗತ್ತೆ.

ಬೆಲೆ ಇದೆ. ಮಳೆ ನಕ್ಷತ್ರ ಅಂದ್ರೆ ಚಂದ್ರನ ದಿನದ ನಕ್ಷತ್ರ ಅಲ್ಲ, ಸೂರ್ಯ ಯಾವ ನಕ್ಷತ್ರದಲ್ಲಿದಾನೆ ಅನ್ನೋದು, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಅದರಿಂದಾಗಿ ಪ್ರತಿ ವರ್ಷ ಅದೇ ಇಂಗ್ಲಿಷ್ ತಾರೀಖಿಗೆ ಬೀಳತ್ತೆ, ಅಶ್ವಿನಿ ಏಪ್ರಿಲ್ 13-14ರಿಂದ 27ರವರೆಗೆ, ಆಮೇಲೆ ಭರಣಿ ಮೇ 10-11ರವರೆಗೆ. ಅಂದ್ರೆ ನಿಮ್ಮ ತಾತ ಇಪ್ಪತ್ತು ವರ್ಷ ಒಂದೇ ಹದಿನಾಲ್ಕು ದಿನದ ಕಿಟಕೀಲಿ ಒಂದೇ ಹೊಲ ನೋಡಿ ಬರೆದಿದಾರೆ, ಏಪ್ರಿಲ್ 24 ಕೂಡ ಪ್ರತಿ ಸಲ ಆ ಅಶ್ವಿನಿ ಒಳಗೇ ಇದೆ. 'ಭರಣಿ ಮಳೆ ಬಂದ್ರೆ ಧರಣಿಯೆಲ್ಲಾ ಬೆಳೆ' ಅನ್ನೋ ಗಾದೆ ಆ ತರ ನೋಡಿದವರ ಬಾಯಲ್ಲೇ ಹುಟ್ಟಿದ್ದು. ಹೋಬಳಿ ಮಟ್ಟದ ಹವಾಮಾನ ಸ್ಟೇಷನ್, ಪಂಚಾಯ್ತಿ ಮಟ್ಟದ ಮಳೆಮಾಪಕ ನಮ್ಮ ರಾಜ್ಯದಲ್ಲಿ ಬಂದಿರೋದು ಇತ್ತೀಚೆಗೆ, ಅದಕ್ಕೂ ಹಿಂದಿನ ಕಾಲಕ್ಕೆ ನಿಮ್ಮ ಹೊಲಕ್ಕೆ ತಾತನ ಪೆನ್ಸಿಲ್ ಬಿಟ್ರೆ ಬೇರೆ ಸಾಕ್ಷಿ ಇಲ್ಲ.

ನೀವು ಬರೆಯೋದು ಹೀಗೆ. ಮಳೆಗೆ, ಮೇಲಿಂದ ಕೆಳಗೆ ಒಂದೇ ಅಗಲ ಇರೋ ಡಬ್ಬ ಸಾಕು, ಮರ ಸೂರು ಇಲ್ಲದ ಬಯಲಲ್ಲಿ ಅಲ್ಲಾಡದ ಹಾಗೆ ಇಡಿ, ಬೆಳಿಗ್ಗೆ ಎಂಟೂವರೆಗೆ ಸ್ಕೇಲ್ ಇಳಿಸಿ ಮಿಲಿಮೀಟರಲ್ಲಿ ಬರೆದು ನೀರು ಚೆಲ್ಲಿಬಿಡಿ. ಒಂದು ಮಿಲಿಮೀಟರ್ ಅಂದ್ರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್. ಬಿಸಿಗೆ, ಗರಿಷ್ಠ ಕನಿಷ್ಠ ಎರಡೂ ತೋರಿಸೋ ಥರ್ಮಾಮೀಟರ್ ತಗೊಂಡು ಗಾಳಿ ಆಡೋ ಜಗುಲಿ ನೆರಳಲ್ಲಿ ಎದೆ ಎತ್ತರಕ್ಕೆ ತೂಗುಹಾಕಿ. ಉತ್ತರದ ಗೋಡೇಲಿ ಬಿಸಿಲು ಬೀಳಲ್ಲ ಅಂತ ಎಷ್ಟೋ ಕಡೆ ಬರೆದಿರ್ತಾರೆ, ಅದು ಬಿಸಿಲು ಯಾವಾಗ್ಲೂ ದಕ್ಷಿಣದಿಂದ ಬರೋ ದೇಶಗಳ ಮಾತು. ನಿಮ್ಮೂರಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರ್ತಾನೆ, ಆ ಗೋಡೆ ಚೆನ್ನಾಗಿ ಕಾಯತ್ತೆ. ಜಾಗ ಒಂದ್ಸಲ ಆರಿಸಿದ ಮೇಲೆ ಬದಲಾಯಿಸ್ಬೇಡಿ, ಬದಲಾಯಿಸ್ಲೇಬೇಕಾದ್ರೆ ತಾರೀಖಿನ ಸಮೇತ ಬರೆದಿಡಿ. ಮಳೆ ಬರದ ದಿನ ಸೊನ್ನೆ ಹಾಕಿ. ಊರಿಗೆ ಹೋಗಿದ್ರಿ, ನೋಡ್ಲಿಲ್ಲ ಅಂದ್ರೆ ಆ ದಿನದ ಮನೆ ಖಾಲಿ ಬಿಡಿ, ಅಲ್ಲಿ ಸೊನ್ನೆ ಬರೀಬೇಡಿ.